ಕೂಸಿನ ಉಸಿರು ಎಣಿಸೋಣ



ನಿಮಗೆ ಈಗ ಎಣಿಸಲು ಬರುತ್ತದೆ. ಒಂದರಿಂದ ನೂರರವರೆಗೆ ಅಂಕಿ ಬರೆಯುತ್ತೀರಿ. ಗಡಿಯಾರ ನೋಡುತ್ತೀರಿ. ಬಸ್ಸಿನ ಬೋರ್ಡು ಓದುತ್ತೀರಿ. ಸಂತೆಯಲ್ಲಿ ಚಿಲ್ಲರೆ ಕಡಿಮೆ ಬಂದರೆ "ಯಾಕಣ್ಣ, ಇನ್ನೂ ಹತ್ತು ರೂಪಾಯಿ ಬರಬೇಕಲ್ಲ" ಅಂತ ಕೇಳುತ್ತೀರಿ.

ಈ ಎಣಿಕೆಯಿಂದ ಇನ್ನೊಂದು ದೊಡ್ಡ ಕೆಲಸ ಆಗುತ್ತದೆ. ಕೂಸಿನ ಜೀವ ಉಳಿಯುತ್ತದೆ. ಹೇಗೆ? ಈ ಪಾಠದಲ್ಲಿ ಓದೋಣ.

ನೆಗಡಿ ಯಾವುದು, ನ್ಯುಮೋನಿಯಾ ಯಾವುದು?

ಚಳಿಗಾಲ ಬಂತು ಅಂದರೆ ಮನೆ ಮನೆಯಲ್ಲಿ ಮಕ್ಕಳಿಗೆ ನೆಗಡಿ. ಮೂಗು ಸೋರುತ್ತದೆ. ಕೆಮ್ಮು ಬರುತ್ತದೆ. ಸ್ವಲ್ಪ ಮೈ ಬಿಸಿ ಆಗುತ್ತದೆ. ಬಹಳ ಮಕ್ಕಳಿಗೆ ಇದು ತಾನಾಗಿಯೇ ವಾಸಿ ಆಗುತ್ತದೆ. ಹೆದರಬೇಕಾದ್ದು ಏನೂ ಇಲ್ಲ.

ಆದರೆ ಕೆಲವು ಮಕ್ಕಳಿಗೆ ರೋಗ ಮೂಗಿನಿಂದ ಕೆಳಗೆ ಇಳಿಯುತ್ತದೆ. ಎದೆಯೊಳಗೆ ಹೋಗುತ್ತದೆ. ಶ್ವಾಸಕೋಶಕ್ಕೆ ತಗಲುತ್ತದೆ. ಇದಕ್ಕೆ ನ್ಯುಮೋನಿಯಾ ಅಂತ ಹೆಸರು. ನಮ್ಮ ಕಡೆ ಹಿರಿಯರು "ಕೂಸಿಗೆ ಪಕ್ಕಿ ಬಡಿತೈತಿ" ಅಂತಾರೆ. "ಎದಿ ಕಟ್ಟೈತಿ" ಅಂತಾರೆ. ಹೆಸರು ಯಾವುದೇ ಇರಲಿ. ಇದು ನೆಗಡಿ ಅಲ್ಲ. ಇದು ಜೀವ ತೆಗೆಯುವ ರೋಗ.

2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 7 ಲಕ್ಷ 40 ಸಾವಿರ ಮಕ್ಕಳು ನ್ಯುಮೋನಿಯಾದಿಂದ ತೀರಿಕೊಂಡರು. ಇವರಲ್ಲಿ ಬಹಳ ಮಕ್ಕಳು ಬಡವರ ಮನೆಯ ಮಕ್ಕಳು. ಔಷಧ ಇರಲಿಲ್ಲ ಅಂತಲ್ಲ. ಔಷಧ ಇತ್ತು. ಕೂಸಿಗೆ ಮುಟ್ಟುವುದು ತಡವಾಯಿತು.

ಎದೆಯೊಳಗೆ ಏನಾಗುತ್ತದೆ?

ನಮ್ಮ ಎದೆಯಲ್ಲಿ ಎರಡು ಶ್ವಾಸಕೋಶ ಇವೆ. ಎಡಕ್ಕೆ ಒಂದು, ಬಲಕ್ಕೆ ಒಂದು. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಗಾಳಿಯ ಚೀಲಗಳು ಇವೆ. ದ್ರಾಕ್ಷಿ ಗೊಂಚಲು ನೋಡಿದ್ದೀರಲ್ಲ? ಹಾಗೆ ಗೊಂಚಲು ಗೊಂಚಲಾಗಿ ಇರುತ್ತವೆ. ನಾವು ಉಸಿರು ಎಳೆದಾಗ ಈ ಚೀಲಗಳಲ್ಲಿ ಗಾಳಿ ತುಂಬುತ್ತದೆ. ಗಾಳಿಯಲ್ಲಿ ಆಮ್ಲಜನಕ ಇದೆ. ಅದು ಚೀಲದಿಂದ ರಕ್ತಕ್ಕೆ ಸೇರುತ್ತದೆ. ರಕ್ತದ ಮೂಲಕ ಇಡೀ ಮೈಗೆ ಹೋಗುತ್ತದೆ.

ರೋಗದ ಕ್ರಿಮಿ ಈ ಚೀಲಗಳಿಗೆ ಹೋದರೆ ಏನಾಗುತ್ತದೆ? ಚೀಲಗಳಲ್ಲಿ ನೀರು, ಕೀವು ತುಂಬುತ್ತದೆ. ಗಾಳಿ ಇರಬೇಕಾದ ಜಾಗದಲ್ಲಿ ಕೀವು ಇರುತ್ತದೆ. ಆಮ್ಲಜನಕ ರಕ್ತಕ್ಕೆ ಸಾಕಷ್ಟು ಸೇರುವುದಿಲ್ಲ.

ಆಗ ಕೂಸು ಏನು ಮಾಡುತ್ತದೆ? ಗಾಳಿ ಸಾಲದು ಅಂತ ಬೇಗ ಬೇಗ ಉಸಿರಾಡುತ್ತದೆ. ಇದು ಮೊದಲ ಗುರುತು. ಜ್ವರ ಇರಬಹುದು, ಇಲ್ಲದೆಯೂ ಇರಬಹುದು. ಬಡಕಲು ಕೂಸಿಗೆ ಮೈ ಬಿಸಿ ಆಗದೆಯೂ ನ್ಯುಮೋನಿಯಾ ಬರುತ್ತದೆ. ಕೂಸಿಗೆ ಮಾತು ಬರುವುದಿಲ್ಲ. "ಅವ್ವಾ, ಎದಿ ನೋಯ್ತದ" ಅಂತ ಹೇಳುವುದಿಲ್ಲ. ಅದರ ಉಸಿರೇ ಅದರ ಮಾತು. ಆ ಮಾತು ನಮಗೆ ತಿಳಿಯಬೇಕಾದರೆ ಎಣಿಸಬೇಕು.

ಉಸಿರು ಎಣಿಸುವುದು ಹೇಗೆ?

ಒಂದು ಗಡಿಯಾರ ಬೇಕು. ಸೆಕೆಂಡಿನ ಮುಳ್ಳು ಇರಬೇಕು. ಇಲ್ಲವೆ ಮೊಬೈಲಿನಲ್ಲಿ ನಿಮಿಷ, ಸೆಕೆಂಡು ಕಾಣುವಂತೆ ಇಟ್ಟುಕೊಳ್ಳಿರಿ.

ಕೂಸು ಅಳುತ್ತಿದ್ದರೆ ಎಣಿಸಬೇಡಿರಿ. ಹಾಲು ಕುಡಿಯುವಾಗಲೂ ಬೇಡ. ಸುಮ್ಮನೆ ಇರುವಾಗ, ಇಲ್ಲವೆ ಮಲಗಿರುವಾಗ ಎಣಿಸಿರಿ. ಜ್ವರ ಬಹಳ ಇದ್ದರೆ ಉಸಿರು ಸ್ವಲ್ಪ ಜೋರಾಗಿಯೇ ಇರುತ್ತದೆ. ಆದರೂ ಎಣಿಸಿರಿ.

ಅಂಗಿ ಮೇಲೆ ಸರಿಸಿರಿ. ಎದೆ, ಹೊಟ್ಟೆ ಕಾಣಬೇಕು. ಬೆಳಕು ಇರಬೇಕು.

ಹೊಟ್ಟೆ ಒಂದು ಸಲ ಏರಿ ಇಳಿದರೆ ಒಂದು ಉಸಿರು. ಮತ್ತೆ ಏರಿ ಇಳಿದರೆ ಎರಡು. ಹೀಗೆ ಪೂರಾ ಒಂದು ನಿಮಿಷ ಎಣಿಸಿರಿ. ಅರ್ಧ ನಿಮಿಷ ಎಣಿಸಿ ಎರಡು ಪಟ್ಟು ಮಾಡಬೇಡಿರಿ. ಕೂಸಿನ ಉಸಿರು ಒಂದೇ ಸಮ ಇರುವುದಿಲ್ಲ. ಒಮ್ಮೆ ಬೇಗ, ಒಮ್ಮೆ ನಿಧಾನ. ಅದಕ್ಕೇ ಪೂರಾ ನಿಮಿಷ ಬೇಕು.

ಒಬ್ಬರು ಗಡಿಯಾರ ನೋಡಲಿ. ಇನ್ನೊಬ್ಬರು ಉಸಿರು ಎಣಿಸಲಿ. ಗಂಡ ಇದ್ದರೆ ಅವರ ಕೈಗೆ ಗಡಿಯಾರ ಕೊಡಿರಿ. ಶಾಲೆಗೆ ಹೋಗುವ ಮಗಳು ಇದ್ದರೆ ಅವಳೂ ಕಲಿಯಲಿ.

ಈ ಮೂರು ಅಂಕಿ ಬಾಯಿಪಾಠ ಮಾಡಿರಿ:

ಎರಡು ತಿಂಗಳೊಳಗಿನ ಕೂಸು — ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು.

ಎರಡು ತಿಂಗಳಿಂದ ಒಂದು ವರ್ಷದವರೆಗೆ — 50 ಅಥವಾ ಹೆಚ್ಚು.

ಒಂದು ವರ್ಷದಿಂದ ಐದು ವರ್ಷದವರೆಗೆ — 40 ಅಥವಾ ಹೆಚ್ಚು.

ಕೆಮ್ಮು, ನೆಗಡಿ ಇರುವ ಕೂಸಿಗೆ ಉಸಿರು ಇಷ್ಟು ಬಂತು ಅಂದರೆ ನ್ಯುಮೋನಿಯಾ ಇರಬಹುದು. ಎರಡು ತಿಂಗಳೊಳಗಿನ ಕೂಸಿಗೆ ಕೆಮ್ಮು ಇಲ್ಲದಿದ್ದರೂ ಈ ಲೆಕ್ಕ ಅನ್ವಯಿಸುತ್ತದೆ. ಆ ಕೂಸಿಗೆ 60 ಬಂದರೆ ಇನ್ನೊಮ್ಮೆ ಎಣಿಸಿರಿ. ಎರಡನೆಯ ಸಲವೂ 60 ಬಂದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿರಿ. ನೇರ ಆಸ್ಪತ್ರೆಗೆ ಹೋಗಿರಿ.

60, 50, 40. ನೆನಪಿಡಲು ಸುಲಭ. ಕೂಸು ದೊಡ್ಡದಾದಂತೆ ಹತ್ತು ಹತ್ತು ಕಡಿಮೆ.

ಈ ಅಂಕಿ ಎಲ್ಲಿಂದ ಬಂತು?

"ಉಸಿರು ಎಣಿಸಿ ರೋಗ ಹೇಳೋದಾ? ಡಾಕ್ಟ್ರು ಯಂತ್ರ ಇಟ್ಟು ನೋಡಬೇಕಲ್ಲ?" ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ.

ಪಪುವಾ ನ್ಯೂಗಿನಿ ಅಂತ ಒಂದು ದೇಶ ಇದೆ. ಸಮುದ್ರದ ಆಚೆ ದೂರದಲ್ಲಿದೆ. ಅಲ್ಲಿಯ ಬೆಟ್ಟದ ಊರುಗಳಲ್ಲಿ ಮಕ್ಕಳು ನ್ಯುಮೋನಿಯಾದಿಂದ ಸಾಯುತ್ತಿದ್ದರು. ಊರೂರಿಗೆ ಎಕ್ಸ್‌ರೇ ಎಲ್ಲಿ ಬರಬೇಕು? ಅಲ್ಲಿ ಫ್ರಾಂಕ್ ಶಾನ್ ಎಂಬ ಮಕ್ಕಳ ಡಾಕ್ಟರು ಇದ್ದರು. ಕೆಮ್ಮುವ ಮಕ್ಕಳ ಉಸಿರು ಎಣಿಸಿ, ಯಾವ ಗುರುತಿನಿಂದ ನ್ಯುಮೋನಿಯಾ ತಿಳಿಯುತ್ತದೆ ಅಂತ ಅವರೂ ಅವರ ಜೊತೆಯವರೂ ನೋಡಿದರು. ಉಸಿರಿನ ಲೆಕ್ಕ ರೋಗವನ್ನು ಚೆನ್ನಾಗಿ ತೋರಿಸುತ್ತದೆ ಅಂತ 1984ರಲ್ಲಿ ಬರೆದು ತಿಳಿಸಿದರು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಈ ಲೆಕ್ಕವನ್ನು ಎಲ್ಲ ಬಡ ದೇಶಗಳಿಗೆ ಹೇಳಿಕೊಟ್ಟಿತು.

ನಮ್ಮ ದೇಶದಲ್ಲೂ ಒಂದು ದೊಡ್ಡ ಕೆಲಸ ನಡೆಯಿತು. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆ. ಅಡವಿಯ ಸೀಮೆ. ಅಲ್ಲಿ ಡಾಕ್ಟರ್ ಅಭಯ ಬಂಗ್ ಮತ್ತು ಡಾಕ್ಟರ್ ರಾಣಿ ಬಂಗ್ ಎಂಬ ಗಂಡ ಹೆಂಡತಿ ಕೆಲಸ ಮಾಡುತ್ತಾರೆ. 1988ರಲ್ಲಿ ಅವರು ಊರಿನ ಆರೋಗ್ಯ ಕಾರ್ಯಕರ್ತರಿಗೆ, ಹೆರಿಗೆ ಮಾಡಿಸುವ ಸೂಲಗಿತ್ತಿಯರಿಗೆ ನ್ಯುಮೋನಿಯಾ ಗುರುತಿಸಲು ಕಲಿಸಿದರು. ಔಷಧವನ್ನೂ ಅವರ ಕೈಗೆ ಕೊಟ್ಟರು.

ಆ ಸೂಲಗಿತ್ತಿಯರಲ್ಲಿ ಬಹಳ ಮಂದಿಗೆ ಓದು ಬರಹ ಇರಲಿಲ್ಲ. ಐವತ್ತರವರೆಗೆ ಎಣಿಸಲು ಬರುತ್ತಿರಲಿಲ್ಲ. ಆಗ ಬಂಗ್ ದಂಪತಿ ಒಂದು ಉಪಾಯ ಮಾಡಿದರು. ಮಣಿ ಪೋಣಿಸಿದ ಒಂದು ಸಾಧನ ಮಾಡಿದರು. ಜೊತೆಗೆ ಒಂದು ನಿಮಿಷದ ಮರಳು ಗಡಿಯಾರ. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು. ಮರಳು ಮುಗಿಯುವ ಮೊದಲು ಕೆಂಪು ಮಣಿ ಬಂತು ಅಂದರೆ ನ್ಯುಮೋನಿಯಾ. ಇಷ್ಟೇ.

ಏನಾಯಿತು? ಆ ಊರುಗಳಲ್ಲಿ ನ್ಯುಮೋನಿಯಾದಿಂದ ಸಾಯುವ ಮಕ್ಕಳ ಸಂಖ್ಯೆ ಪಕ್ಕದ ಊರುಗಳಿಗಿಂತ ಸುಮಾರು ಅರ್ಧದಷ್ಟು ಇಳಿಯಿತು. 1990ರಲ್ಲಿ ಇದು ಜಗತ್ತಿಗೆ ತಿಳಿಯಿತು.

ಅಕ್ಷರ ಬಾರದ ಆ ತಾಯಂದಿರು ಮಣಿ ಎಣಿಸಿ ಮಕ್ಕಳನ್ನು ಉಳಿಸಿದರು. ನಮಗೆ ಮಣಿಯೂ ಬೇಡ. ನಮಗೆ ಎಣಿಕೆ ಬರುತ್ತದೆ.

ಮೊದಲ ದಿನವೇ ಯಾಕೆ?

"ಇನ್ನೆರಡು ದಿನ ನೋಡೋಣ" ಅಂತ ಮನೆಯಲ್ಲಿ ಹೇಳುತ್ತಾರೆ. ಹತ್ತಿ ಬಿಡಿಸುವ ಕಾಲ ಇರುತ್ತದೆ. ಒಂದು ದಿನ ಬಿಟ್ಟರೆ ಕೂಲಿ ಹೋಗುತ್ತದೆ. ಭತ್ತದ ಕೊಯ್ಲು ಇರುತ್ತದೆ. ನಾಳೆ ಭಾನುವಾರ, ಸೋಮವಾರ ಹೋದರಾಯಿತು ಅನಿಸುತ್ತದೆ. ಇದು ಸುಳ್ಳು ಕಷ್ಟ ಅಲ್ಲ. ಬಡತನದ ಕಷ್ಟ ನಮಗೆಲ್ಲ ಗೊತ್ತು.

ಆದರೆ ಕ್ರಿಮಿ ಸೋಮವಾರದವರೆಗೆ ಕಾಯುವುದಿಲ್ಲ. ಒಂದು ಕ್ರಿಮಿ ಎರಡಾಗುತ್ತದೆ. ಎರಡು ನಾಲ್ಕಾಗುತ್ತದೆ. ನಾಲ್ಕು ಎಂಟಾಗುತ್ತದೆ. ಒಂದು ರಾತ್ರಿಯಲ್ಲಿ ಲಕ್ಷ ಲಕ್ಷ ಆಗುತ್ತದೆ. ಬೆಳಿಗ್ಗೆ ಒಂದು ಮೂಲೆಯಲ್ಲಿ ಇದ್ದ ಕೀವು ಮರುದಿನಕ್ಕೆ ಇಡೀ ಶ್ವಾಸಕೋಶಕ್ಕೆ ಹರಡಬಹುದು. ಕ್ರಿಮಿ ರಕ್ತಕ್ಕೂ ಸೇರಬಹುದು.

ಮೊದಲ ದಿನ ಸಿಕ್ಕರೆ ಬಹಳ ಮಕ್ಕಳಿಗೆ ಬಾಯಿಗೆ ಕೊಡುವ ಔಷಧ ಸಾಕು. ಮನೆಯಲ್ಲಿಯೇ ವಾಸಿ ಆಗುತ್ತದೆ. ತಡ ಆದರೆ ಸೂಜಿ ಬೇಕು. ಆಮ್ಲಜನಕ ಬೇಕು. ಆಸ್ಪತ್ರೆಯಲ್ಲಿ ದಿನಗಟ್ಟಲೆ ಇರಬೇಕು. ಇನ್ನೂ ತಡ ಆದರೆ ಡಾಕ್ಟರ ಕೈಯಲ್ಲೂ ಇರುವುದಿಲ್ಲ.

ಒಂದು ದಿನದ ಕೂಲಿ ಉಳಿಸಲು ಹೋಗಿ ಹತ್ತು ದಿನದ ಕೂಲಿ ಕಳೆಯುತ್ತೇವೆ. ಲೆಕ್ಕ ಹಾಕಿ ನೋಡಿರಿ. ಮಗು ಗಂಡಾಗಲಿ, ಹೆಣ್ಣಾಗಲಿ, ಲೆಕ್ಕ ಒಂದೇ. ಹೆಣ್ಣು ಕೂಸು ಗಟ್ಟಿ ಜೀವ, ತಡೀತದ ಅಂತ ಕೆಲವರು ಅಂತಾರೆ. ಕ್ರಿಮಿಗೆ ಗಂಡು ಹೆಣ್ಣು ಗೊತ್ತಿಲ್ಲ.

ಔಷಧ ಯಾವುದು?

ನ್ಯುಮೋನಿಯಾ ತರುವ ಕ್ರಿಮಿಗಳಲ್ಲಿ ಎರಡು ಜಾತಿ ಮುಖ್ಯ. ಒಂದು ಬ್ಯಾಕ್ಟೀರಿಯಾ. ಇನ್ನೊಂದು ವೈರಸ್. ಬ್ಯಾಕ್ಟೀರಿಯಾ ಕೊಲ್ಲುವ ಔಷಧಕ್ಕೆ ಆಂಟಿಬಯೋಟಿಕ್ ಅಂತ ಹೆಸರು.

ಹಿಂದಿನ ಕಾಲದಲ್ಲಿ ಈ ಔಷಧ ಇರಲಿಲ್ಲ. 1928ರಲ್ಲಿ ಇಂಗ್ಲೆಂಡಿನ ಲಂಡನ್ ನಗರದಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ವಿಜ್ಞಾನಿ ಒಂದು ಬೂಸಲಿನಿಂದ ಕ್ರಿಮಿ ಸಾಯುವುದನ್ನು ಕಂಡರು. ಅದರಿಂದ ಪೆನ್ಸಿಲಿನ್ ಬಂತು. ಈಗ ಮಕ್ಕಳ ನ್ಯುಮೋನಿಯಾಕ್ಕೆ ಕೊಡುವ ಮುಖ್ಯ ಔಷಧ ಅಮಾಕ್ಸಿಸಿಲಿನ್. ಅದು ಪೆನ್ಸಿಲಿನ್ ಮನೆತನದ್ದೇ. ಸರಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ರೊಕ್ಕ ಇಲ್ಲ. ನೀರಲ್ಲಿ ಕರಗುವ ಗುಳಿಗೆಯೂ ಇದೆ, ಸಿರಪ್ಪೂ ಇದೆ.

ಈ ಮಾತುಗಳನ್ನು ನೆನಪಿಡಿರಿ:

ಎಷ್ಟು ಕೊಡಬೇಕು ಅನ್ನುವುದು ಕೂಸಿನ ತೂಕದ ಮೇಲೆ ಇದೆ. ನರ್ಸಮ್ಮ, ಡಾಕ್ಟರು ಹೇಳಿದಷ್ಟೇ ಕೊಡಿರಿ. ಪಕ್ಕದ ಮನೆಯ ಕೂಸಿಗೆ ಕೊಟ್ಟ ಲೆಕ್ಕ ನಮ್ಮ ಕೂಸಿಗೆ ಬರುವುದಿಲ್ಲ.

ಮುಂಜಾನೆ ಒಮ್ಮೆ, ಸಂಜೆ ಒಮ್ಮೆ. ಸಾಮಾನ್ಯವಾಗಿ 5 ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದು ಡೋಸಿಗೆ ಒಂದೊಂದು ಗೆರೆ ಎಳೆಯಿರಿ. 5 ದಿನಕ್ಕೆ 10 ಗೆರೆ ಆಗಬೇಕು.

ಗುಳಿಗೆಯನ್ನು ಚಮಚದಲ್ಲಿ ಕುದಿಸಿ ಆರಿಸಿದ ನೀರು ಹಾಕಿ ಕರಗಿಸಿರಿ. ಚಿಕ್ಕ ಕೂಸಾದರೆ ಎದೆಹಾಲು ಹಿಂಡಿ ಅದರಲ್ಲಿ ಕರಗಿಸಬಹುದು.

ಕೊಟ್ಟ ಅರ್ಧ ಗಂಟೆಯೊಳಗೆ ಕೂಸು ವಾಂತಿ ಮಾಡಿದರೆ ಅದೇ ಡೋಸು ಇನ್ನೊಮ್ಮೆ ಕೊಡಿರಿ.

ಡಬ್ಬಿಯ ಮೇಲೆ ದಿನಾಂಕ ಇರುತ್ತದೆ. ಓದಿರಿ. ದಿನಾಂಕ ದಾಟಿದ ಔಷಧ ತಿರುಗಿ ಕೊಡಿರಿ.

ಮೈಮೇಲೆ ದದ್ದು ಎದ್ದರೆ ಔಷಧ ನಿಲ್ಲಿಸಿ ಅದೇ ದಿನ ಹೋಗಿ ತೋರಿಸಿರಿ.

ಎರಡು ದಿನ ಆದ ಮೇಲೆ ಕೂಸನ್ನು ಮತ್ತೆ ತೋರಿಸಿರಿ. ಉಸಿರು ಇಳಿಯದಿದ್ದರೆ ಔಷಧ ಬದಲಿಸುತ್ತಾರೆ. ಇಲ್ಲವೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ.

ಮೂರನೆಯ ದಿನ ಕೂಸು ಆಡುತ್ತದೆ. "ಆರಾಮ ಆತು, ಇನ್ನ್ಯಾಕ ಔಷಧ?" ಅಂತ ಬಿಡಬೇಡಿರಿ. ಹತ್ತಿ ಹೊಲದ ಲೆಕ್ಕ ನಿಮಗೆ ಗೊತ್ತು. ಕಾಯಿಕೊರಕ ಹುಳಕ್ಕೆ ಅರ್ಧಂಬರ್ಧ ಎಣ್ಣೆ ಹೊಡೆದರೆ ಏನಾಗುತ್ತದೆ? ಸೊರಗಿದ ಹುಳ ಸಾಯುತ್ತದೆ. ಗಟ್ಟಿ ಹುಳ ಉಳಿಯುತ್ತದೆ. ಅದರ ಸಂತಾನವೂ ಗಟ್ಟಿ. ಮುಂದೆ ಅದೇ ಎಣ್ಣೆಗೆ ಬಗ್ಗುವುದಿಲ್ಲ. ಕ್ರಿಮಿಯ ಕತೆಯೂ ಹೀಗೇ.

ನೆಗಡಿಗೆ ಈ ಔಷಧ ಬೇಡ

ಇದೂ ಅಷ್ಟೇ ಮುಖ್ಯ. ನೆಗಡಿ ವೈರಸ್ಸಿನಿಂದ ಬರುತ್ತದೆ. ಆಂಟಿಬಯೋಟಿಕ್ ವೈರಸ್ಸನ್ನು ಕೊಲ್ಲುವುದಿಲ್ಲ. ಸುಮ್ಮನೆ ಕೊಟ್ಟರೆ ಹೊಟ್ಟೆ ಕೆಡುತ್ತದೆ. ಕ್ರಿಮಿ ಗಟ್ಟಿ ಆಗುತ್ತದೆ. ಬೇಕಾದ ದಿನ ಔಷಧ ಕೆಲಸ ಮಾಡುವುದಿಲ್ಲ.

ಅದಕ್ಕೇ ಎಣಿಕೆ ಬೇಕು. ಉಸಿರು ಸರಿ ಇದೆ, ಕೂಸು ಹಾಲು ಕುಡಿಯುತ್ತದೆ, ಆಡುತ್ತದೆ ಅಂದರೆ ಅದು ಬರೀ ನೆಗಡಿ. ಬೆಚ್ಚಗೆ ಇಡಿರಿ. ಎದೆಹಾಲು ಮೇಲಿಂದ ಮೇಲೆ ಕೊಡಿರಿ. ದೊಡ್ಡ ಮಗುವಿಗೆ ಬಿಸಿ ಗಂಜಿ, ಸಾರು ಕೊಡಿರಿ. ಒದ್ದೆ ಬಟ್ಟೆಯ ತುದಿಯಿಂದ ಮೂಗು ಒರೆಸಿರಿ. ದಿನಕ್ಕೆ ಎರಡು ಸಲ ಉಸಿರು ಎಣಿಸಿರಿ.

ಅಂಗಡಿಯಲ್ಲಿ ಕೇಳಿ ಕೆಮ್ಮಿನ ಸಿರಪ್ಪು ತರಬೇಡಿರಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮಿನ ಸಿರಪ್ಪು ಕೊಡಬಾರದು ಅಂತ ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರಿನಲ್ಲಿ ಮತ್ತೆ ಎಚ್ಚರಿಸಿದೆ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪವೂ ಬೇಡ.

ಬರೆ ಬೇಡ

ಪಕ್ಕೆ ಬಡಿಯುವ ಕೂಸಿಗೆ ಕೆಲವು ಊರಲ್ಲಿ ಬರೆ ಹಾಕಿಸುತ್ತಾರೆ. ಬಳೆ ಕಾಯಿಸಿ ಹೊಟ್ಟೆಯ ಮೇಲೆ ಇಡುತ್ತಾರೆ. ಹಿರಿಯರು ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ. ಔಷಧವೇ ಇಲ್ಲದ ಕಾಲದಲ್ಲಿ ಅವರಿಗೆ ಬೇರೆ ದಾರಿ ಇರಲಿಲ್ಲ.

ಆದರೆ ಬರೆಯಿಂದ ಎದೆಯೊಳಗಿನ ಕೀವು ಹೋಗುವುದಿಲ್ಲ. ಸುಟ್ಟ ಗಾಯ ಆಗುತ್ತದೆ. ಗಾಯದಿಂದ ಬೇರೆ ಕ್ರಿಮಿ ಒಳಗೆ ಹೋಗುತ್ತದೆ. ಮೊದಲೇ ಉಸಿರಿಗೆ ಒದ್ದಾಡುವ ಕೂಸು ನೋವಿಗೆ ಅತ್ತು ಅತ್ತು ಸೋಲುತ್ತದೆ. ಔಷಧ ಕೊಡಬೇಕಾದ ಹೊತ್ತು ಕಳೆದುಹೋಗುತ್ತದೆ.

ಅತ್ತೆಯ ಜೊತೆ ಜಗಳ ಆಡಬೇಡಿರಿ. ಅವರನ್ನೂ ಕೂಸಿನ ಹತ್ತಿರ ಕೂರಿಸಿಕೊಳ್ಳಿರಿ. ಜೋರಾಗಿ ಎಣಿಸಿರಿ. "ನೋಡ್ರಿ ಅತ್ತಿ, ಐವತ್ತು ದಾಟ್ತು" ಅಂತ ತೋರಿಸಿರಿ. ಕಣ್ಣಾರೆ ಕಂಡ ಲೆಕ್ಕಕ್ಕೆ ಹಿರಿಯರೂ ಒಪ್ಪುತ್ತಾರೆ.

ಕೂಡಲೇ ಓಡಬೇಕಾದ ಗುರುತುಗಳು

ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿರಿ. ರಾತ್ರಿ ಆದರೂ ಹೊರಡಿರಿ.

ಉಸಿರು ಎಳೆದಾಗ ಪಕ್ಕೆಯ ಕೆಳಗೆ ಒಳಕ್ಕೆ ಹಳ್ಳ ಬೀಳುವುದು.

ಹಾಲು, ನೀರು ಕುಡಿಯಲು ಆಗದಿರುವುದು.

ಕುಡಿದದ್ದೆಲ್ಲ ವಾಂತಿ ಆಗುವುದು.

ತುಟಿ, ನಾಲಿಗೆ ನೀಲಿ ಆಗುವುದು.

ಉಸಿರಿಗೊಮ್ಮೆ ನರಳುವುದು, ಗೊರ ಗೊರ ಶಬ್ದ ಬರುವುದು.

ಫಿಟ್ಸ್ ಬರುವುದು.

ಎಬ್ಬಿಸಿದರೂ ಎಚ್ಚರ ಆಗದೆ ಮಂಕಾಗಿ ಮಲಗಿರುವುದು.

ಎರಡು ತಿಂಗಳೊಳಗಿನ ಕೂಸಿಗೆ ಮೈ ಬಿಸಿ ಆದರೂ, ತಣ್ಣಗಾದರೂ ಆಸ್ಪತ್ರೆಗೇ ಹೋಗಬೇಕು.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿರಿ. ಕೇಂದ್ರ ಸರಕಾರ 2019ರ ನವೆಂಬರಿನಲ್ಲಿ ಸಾನ್ಸ್ ಎಂಬ ಕಾರ್ಯಕ್ರಮ ಶುರು ಮಾಡಿತು. ಹಿಂದಿಯಲ್ಲಿ ಸಾನ್ಸ್ ಅಂದರೆ ಉಸಿರು. ಈ ಕಾರ್ಯಕ್ರಮದಲ್ಲಿ ಆಶಾ ಮತ್ತು ನರ್ಸಮ್ಮನವರಿಗೆ ನ್ಯುಮೋನಿಯಾ ಗುರುತಿಸುವ ತರಬೇತಿ ಇದೆ. ತರಬೇತಿ ಆದವರು ಮೊದಲ ಡೋಸು ಕೊಟ್ಟು ಆಸ್ಪತ್ರೆಗೆ ಕಳಿಸಬಹುದು. ಕೇಳಿರಿ. ಕೇಳುವುದು ನಿಮ್ಮ ಹಕ್ಕು.

ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ ಹತ್ತಿರ ಇದ್ದರೆ ಅಲ್ಲಿ ತೋರಿಸಿರಿ. ದೇವದುರ್ಗ, ಮಾನ್ವಿಯಲ್ಲಿ ತಾಲೂಕು ಆಸ್ಪತ್ರೆ ಇದೆ. ಕೂಸಿನ ಬೆರಳಿಗೆ ಒಂದು ಸಣ್ಣ ಯಂತ್ರ ಹಾಕಿ ಆಮ್ಲಜನಕ ಎಷ್ಟಿದೆ ಅಂತ ನೋಡುತ್ತಾರೆ. ನೋವಾಗುವುದಿಲ್ಲ. ರೋಗ ಜೋರಾಗಿದ್ದರೆ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಕಳಿಸುತ್ತಾರೆ. ಅದು ಸರಕಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಮಾನ್ವಿಯಿಂದಲೂ ದೇವದುರ್ಗದಿಂದಲೂ ರಾಯಚೂರು 50 ಕಿಲೋಮೀಟರ್ ಆಸುಪಾಸು. ದೂರ ಇದೆ. ಅದಕ್ಕೇ ಬೇಗ ಹೊರಡಬೇಕು.

ಗುರುತು ಜೋರಾಗಿದ್ದರೆ ಬಸ್ಸಿಗೆ ಕಾಯಬೇಡಿರಿ. 108ಕ್ಕೆ ಫೋನ್ ಮಾಡಿರಿ. ಅಂಬುಲೆನ್ಸಿಗೆ ರೊಕ್ಕ ಇಲ್ಲ. ಒಂದು ವರ್ಷದೊಳಗಿನ ಕೂಸಿಗೆ ಸರಕಾರಿ ಆಸ್ಪತ್ರೆಯಲ್ಲಿ ಔಷಧ, ಪರೀಕ್ಷೆ ಎಲ್ಲ ಉಚಿತ. ಎರಡು ದಿನದ ಮೇಲೆ ಮತ್ತೆ ತೋರಿಸಲು ಹೋಗುವಾಗ ಬಸ್ಸಿನಲ್ಲಿ ಹೋಗಬಹುದು. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ.

ಹೋಗುವಾಗ ತಾಯಿ ಕಾರ್ಡು ಒಯ್ಯಿರಿ. ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ: ಕೂಸಿನ ವಯಸ್ಸು. ಕೆಮ್ಮು ಎಷ್ಟು ದಿನ. ಉಸಿರು ಎಷ್ಟು. ಎಷ್ಟು ಗಂಟೆಗೆ ಎಣಿಸಿದ್ದು. ಆ ಚೀಟಿ ತೋರಿಸಿರಿ. "ನಿಮಿಷಕ್ಕೆ 56 ಐತ್ರಿ ಡಾಕ್ಟ್ರೆ" ಅಂತ ತಾಯಿ ಹೇಳಿದರೆ ಯಾರೂ ಅದನ್ನು ಹಗುರವಾಗಿ ತಗೊಳ್ಳುವುದಿಲ್ಲ.

ಮತ್ತೆ ಮತ್ತೆ ಬಂದರೆ?

ಒಮ್ಮೆ ವಾಸಿ ಆಯಿತು. ಎರಡು ತಿಂಗಳಿಗೆ ಮತ್ತೆ ಬಂತು. ಆಮೇಲೆ ಮತ್ತೆ. ಹೀಗಾದರೆ ಪ್ರತಿ ಸಲ ಔಷಧ ಕೊಟ್ಟು ಸುಮ್ಮನಾಗಬಾರದು. ಮೂಲ ಹುಡುಕಬೇಕು.

ಕೆಮ್ಮು ಎರಡು ವಾರ ದಾಟಿದರೆ ಕ್ಷಯ ಇದೆಯೇ ಅಂತ ಪರೀಕ್ಷೆ ಮಾಡಿಸಬೇಕು. ಇದೂ ಉಚಿತ. ಕೆಲವು ಮಕ್ಕಳಿಗೆ ಉಬ್ಬಸ ಇರುತ್ತದೆ. ಕೆಲವರಿಗೆ ಹುಟ್ಟಿನಿಂದ ಹೃದಯದಲ್ಲಿ ತೂತು ಇರುತ್ತದೆ.

ಬಹಳ ಕಡಿಮೆ ಮಕ್ಕಳಿಗೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟು ಕಾಯಿಲೆ ಇರುತ್ತದೆ. ಈ ಮಕ್ಕಳ ಎದೆಯ ಕಫ ಅಂಟಿನಂತೆ ಗಟ್ಟಿ. ಕ್ರಿಮಿ ಅದರಲ್ಲಿ ಮನೆ ಮಾಡುತ್ತದೆ. ಅವರ ಬೆವರು ಬಹಳ ಉಪ್ಪು. ಮುದ್ದು ಕೊಟ್ಟರೆ ತುಟಿಗೆ ಉಪ್ಪು ಹತ್ತುತ್ತದೆ. ಚೆನ್ನಾಗಿ ಉಂಡರೂ ತೂಕ ಏರುವುದಿಲ್ಲ. ಮಲ ಜಿಡ್ಡಾಗಿ ನಾರುತ್ತದೆ. ಹೀಗಿದ್ದರೆ ಡಾಕ್ಟರಿಗೆ ಬಿಡಿಸಿ ಹೇಳಿರಿ. ದೊಡ್ಡ ಆಸ್ಪತ್ರೆಯಲ್ಲಿ ಬೆವರಿನ ಪರೀಕ್ಷೆ ಮಾಡುತ್ತಾರೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಅದು ಸರಕಾರಿ ಮಕ್ಕಳ ಆಸ್ಪತ್ರೆ. ಅಲ್ಲಿಗೆ ಕಳಿಸಬೇಕೇ ಅಂತ ರಿಮ್ಸ್ ಡಾಕ್ಟರನ್ನು ಕೇಳಿರಿ.

ಈ ಕಾಯಿಲೆ ಇರುವ ಮಕ್ಕಳಿಗೆ ಕೆಮ್ಮು ಸ್ವಲ್ಪ ಹೆಚ್ಚಾದರೂ ಕೂಡಲೇ ಆಂಟಿಬಯೋಟಿಕ್ ಶುರು ಮಾಡಬೇಕಾಗುತ್ತದೆ. ಹೆಚ್ಚು ದಿನ ಕೊಡಬೇಕಾಗುತ್ತದೆ. ತಡ ಆದಷ್ಟೂ ಶ್ವಾಸಕೋಶ ಕೆಡುತ್ತದೆ. ಒಮ್ಮೆ ಕೆಟ್ಟದ್ದು ತಿರುಗಿ ಬರುವುದಿಲ್ಲ.

ಇದು ಯಾರ ಶಾಪವೂ ಅಲ್ಲ. ತಾಯಿಯ ತಪ್ಪೂ ಅಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡು ಕಡೆಯಿಂದಲೂ ಅದರ ಬೀಜ ಬಂದರೆ ಮಾತ್ರ ಕೂಸಿಗೆ ಕಾಯಿಲೆ ಬರುತ್ತದೆ. ಸೋದರಮಾವ, ಅತ್ತೆಯ ಮಗ ಅಂತ ರಕ್ತ ಸಂಬಂಧದಲ್ಲಿ ಮದುವೆ ಆದರೆ ಎರಡೂ ಕಡೆ ಅದೇ ಬೀಜ ಇರುವ ಸಂಭವ ಹೆಚ್ಚು.

ಬರದಂತೆ ತಡೆಯೋಣ

ಮೊದಲ ಆರು ತಿಂಗಳು ಎದೆಹಾಲು ಮಾತ್ರ. ಆಮೇಲೆ ಮೆತ್ತಗಿನ ಅನ್ನ, ಬೇಳೆ, ತತ್ತಿ, ಸೊಪ್ಪು. ಜೊತೆಗೆ ಎದೆಹಾಲು. ಬಡಕಲು ಕೂಸಿಗೆ ನ್ಯುಮೋನಿಯಾ ಬಂದರೆ ಅಪಾಯ ಹೆಚ್ಚು. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ ಮಾಡಿಸಿರಿ. ಅಂಕಿ ನೀವೇ ಓದಿರಿ.

ಲಸಿಕೆ ಹಾಕಿಸಿರಿ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ 2021ರಿಂದ ದೇಶದ ಎಲ್ಲ ರಾಜ್ಯಗಳಲ್ಲೂ ಉಚಿತ. 6ನೆಯ ವಾರ, 14ನೆಯ ವಾರ, 9ನೆಯ ತಿಂಗಳು. ಒಟ್ಟು ಮೂರು ಸಲ. ಪೆಂಟಾ ಲಸಿಕೆ 6, 10, 14ನೆಯ ವಾರ. ದಡಾರದ ಲಸಿಕೆಯನ್ನೂ ಬಿಡಬೇಡಿರಿ. ದಡಾರ ಬಂದ ಮಕ್ಕಳಿಗೆ ನ್ಯುಮೋನಿಯಾ ಬೇಗ ಹತ್ತುತ್ತದೆ. ಕೂಲಿಗೆ ಬೇರೆ ಊರಿಗೆ ಗುಳೆ ಹೋಗುವಾಗ ತಾಯಿ ಕಾರ್ಡು ಒಯ್ಯಿರಿ. ಹೋದ ಊರಲ್ಲೂ ಲಸಿಕೆ ಹಾಕುತ್ತಾರೆ.

ಹತ್ತಿ ಕಟ್ಟಿಗೆ, ಕುಳ್ಳು ಉರಿಸಿದರೆ ಮನೆ ತುಂಬ ಹೊಗೆ. ಆ ಹೊಗೆ ಕೂಸಿನ ಎದೆಗೆ ಹೋಗುತ್ತದೆ. ಅಡಿಗೆ ಮಾಡುವಾಗ ಕೂಸನ್ನು ಬಗಲಲ್ಲಿ ಕಟ್ಟಿಕೊಳ್ಳಬೇಡಿರಿ. ಹೊಗೆ ಹೋಗಲು ಕಿಂಡಿ ಇರಲಿ. ಮನೆಯೊಳಗೆ ಬೀಡಿ ಸೇದಬೇಡಿರಿ ಅಂತ ಗಂಡಸರಿಗೆ ಹೇಳಿರಿ. ಕೂಸನ್ನು ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ.

ಮಾಡಿ ನೋಡಿರಿ

1. ಇಂದು ರಾತ್ರಿ ಆರಾಮಾಗಿ ಮಲಗಿರುವ ನಿಮ್ಮ ಕೂಸಿನ ಉಸಿರು ಒಂದು ನಿಮಿಷ ಎಣಿಸಿರಿ. ಪುಸ್ತಕದಲ್ಲಿ ಬರೆಯಿರಿ. ಆರಾಮಿದ್ದಾಗಿನ ಲೆಕ್ಕ ಗೊತ್ತಿದ್ದರೆ, ಹೆಚ್ಚಾದದ್ದು ಬೇಗ ತಿಳಿಯುತ್ತದೆ.

2. ಎಂಟು ತಿಂಗಳ ಕೂಸು. ಕೆಮ್ಮು ಇದೆ. ಉಸಿರು 54. ಏನು ಮಾಡುತ್ತೀರಿ?

3. ಮೂರು ವರ್ಷದ ಮಗು. ಮೂಗು ಸೋರುತ್ತದೆ. ಉಸಿರು 28. ಆಡುತ್ತಿದೆ. ಆಂಟಿಬಯೋಟಿಕ್ ಬೇಕೇ?

4. ನಿಮ್ಮ ಆಶಾ ಕಾರ್ಯಕರ್ತೆಯ ಫೋನ್ ನಂಬರು, 108, ಮತ್ತು 60, 50, 40 ಈ ಅಂಕಿಗಳನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿರಿ.

5. ಈ ಪಾಠವನ್ನು ಓದು ಬಾರದ ಒಬ್ಬ ನೆರೆಯವಳಿಗೆ ಜೋರಾಗಿ ಓದಿ ಹೇಳಿರಿ. ಅವಳ ಮನೆಯಲ್ಲೂ ಒಂದು ಕೂಸು ಇರಬಹುದು.